ಹಾವು ಮತ್ತು ಇಲಿಗಳನ್ನು ಒಂದೇ ಕೋಣೆಯಲ್ಲಿ ಇಟ್ಟ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸಾಕುಪ್ರಾಣಿಗಳ ಬೋರ್ಡಿಂಗ್ ಕೇಂದ್ರ,
ಬೆಂಗಳೂರು

ದಿನಾಂಕ: ಫೆಬ್ರುವರಿ 20

ವಿಷಯ: ನನ್ನ ಹಾವನ್ನು ಇಲಿಗಳ ಜೊತೆ ಒಂದೇ ಕೋಣೆಯಲ್ಲಿ ಇಟ್ಟಿದ್ದು, ಅದರಿಂದ ಆದ ತೊಂದರೆ

ಮಾನ್ಯರೇ,

ಜನವರಿ 23ರಂದು ನನ್ನ ಹಾವು ಮುತ್ತುವನ್ನು ನಿಮ್ಮಲ್ಲಿ ಬಿಟ್ಟು, ತಂಗಿಯ ಮದುವೆಗೆ ಶಿವಮೊಗ್ಗಕ್ಕೆ ಹೋಗಿದ್ದೆ. ಫೆಬ್ರುವರಿ 11ಕ್ಕೆ ಬಂದು ಅವಳನ್ನು ಮನೆಗೆ ಕರೆದುಕೊಂಡು ಹೋದೆ. ಈ 19 ದಿನಗಳಲ್ಲಿ ಅವಳ ತೂಕ 1,460 ಗ್ರಾಂನಿಂದ 1,330 ಗ್ರಾಂಗೆ ಇಳಿದಿದೆ. ಮೂಗಿನ ತುದಿಯ ಚರ್ಮ ಕಿತ್ತುಹೋಗಿದೆ. ಉಸಿರಾಡುವಾಗ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿದೆ.

ಮುತ್ತು ಬಾಲ್ ಪೈಥಾನ್, ಪಶ್ಚಿಮ ಆಫ್ರಿಕಾ ಕಡೆಯ ಚಿಕ್ಕ ಹೆಬ್ಬಾವು. ನಾಗರಹಾವು, ಕೇರೆಹಾವಿನಂಥ ನಮ್ಮ ಹಾವುಗಳನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶ ಇಲ್ಲ. ಇವಳು ವಿದೇಶಿ ತಳಿ, ಹಾಗಾಗಿ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದ್ದೇನೆ. ಆ ಪ್ರತಿಯನ್ನು ಮೊದಲ ದಿನವೇ ನೀವು ಕೇಳಿ ಪಡೆದಿರಿ. ಕಾಗದಪತ್ರದಲ್ಲಿ ಅಷ್ಟು ಜಾಗ್ರತೆ ಇದ್ದವರು ಕೋಣೆಯ ವಿಷಯದಲ್ಲಿ ಹೀಗೆ ಮಾಡಿದ್ದು ನನಗೆ ಇನ್ನೂ ಅರ್ಥವಾಗಿಲ್ಲ.

ಬುಕ್ ಮಾಡುವ ಮೊದಲು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದೆ: ಹಾವುಗಳಿಗೆ ಬೇರೆ ಕೋಣೆ ಇದೆಯಾ? "ಇದೆ ಮೇಡಂ, ಪೂರ್ತಿ ಬೇರೆ" ಅಂದಿರಿ. ಬಿಡಲು ಬಂದ ದಿನ ಮುಂದಿನ ಕೌಂಟರಿನಲ್ಲೇ ಡಬ್ಬ ತೆಗೆದುಕೊಂಡಿರಿ, ಒಳಗೆ ಕರೆಯಲಿಲ್ಲ. ನಾನೂ ಒತ್ತಾಯ ಮಾಡಬೇಕಿತ್ತು. ವಾಪಸ್ ಕರೆದೊಯ್ಯುವ ದಿನವೇ ಆ ಕೋಣೆ ಕಂಡಿದ್ದು. ಒಂದು ಗೋಡೆಗೆ ಹಾವುಗಳ ರ‍್ಯಾಕ್. ಎದುರು ಗೋಡೆಗೆ, ನಾಲ್ಕೇ ಹೆಜ್ಜೆ ದೂರದಲ್ಲಿ, ಆಹಾರಕ್ಕೆಂದು ಬೆಳೆಸುವ ಬಿಳಿ ಇಲಿಗಳ ಪಂಜರಗಳು. ಕಿಟಕಿ ಮುಚ್ಚಿತ್ತು. ಬಾಗಿಲು ತೆಗೆದ ತಕ್ಷಣ ಇಲಿ ಉಚ್ಚೆಯ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

ನಿಮ್ಮ ಹುಡುಗ ಹೇಳಿದ ಮಾತು ಇದು: "ವಾಸನೆ ಬರ್ತಾ ಇದ್ರೆ ಹಾವಿಗೆ ಹಸಿವು ಚೆನ್ನಾಗಿ ಆಗುತ್ತೆ ಮೇಡಂ." ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೋ ಹಾಗೆ ಹೇಳಿಕೊಟ್ಟಿದ್ದಾರೆ. ಆದರೆ ಅದು ತಪ್ಪು. ಹಾವು ನಾಲಿಗೆ ಚಾಚಿದಾಗಲೆಲ್ಲ ಗಾಳಿಯಲ್ಲಿನ ವಾಸನೆಯನ್ನು ಒಳಗೆಳೆದು, ಬಾಯಿಯ ಮೇಲ್ಭಾಗದಲ್ಲಿರುವ ಒಂದು ಅಂಗಕ್ಕೆ ಮುಟ್ಟಿಸುತ್ತದೆ. ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಸಣ್ಣ ಕುಳಿಗಳಿವೆ. ಕತ್ತಲಲ್ಲೂ ಬಿಸಿ ಮೈಯ ಪ್ರಾಣಿ ಎಲ್ಲಿದೆ ಅಂತ ಅವು ತಿಳಿಸುತ್ತವೆ. ನೀವು ಡಬ್ಬಕ್ಕೆ ಕಪ್ಪು ಬಟ್ಟೆ ಹೊದಿಸಿದ್ದರೂ ಇಲಿಗಳ ವಾಸನೆ ಒಳಗೆ ಬರುತ್ತಲೇ ಇರುತ್ತದೆ. ಕಾಡಿನಲ್ಲಿ ಇಲಿ ವಾಸನೆ ಬಂದರೆ ಹಾವು ಹಿಡಿದು ತಿನ್ನುತ್ತದೆ, ಬೇಡವಾದರೆ ದೂರ ಹೋಗುತ್ತದೆ. ಡಬ್ಬದೊಳಗೆ ಎರಡೂ ಆಗುವುದಿಲ್ಲ. ಮುತ್ತು ರಾತ್ರಿಯೆಲ್ಲ ಮುಚ್ಚಳದ ಜಾಲರಿಗೆ ಮೂಗು ತಿಕ್ಕಿದ್ದಾಳೆ. ಆ ಗಾಯ ಹೇಗಾಯಿತು ಅಂತ ವೈದ್ಯರು ನೋಡಿದ ಕೂಡಲೇ ಹೇಳಿದರು. ಹಸಿವು ಚೆನ್ನಾಗಿ ಆಗುವುದಿರಲಿ, ನಿಮ್ಮ ಚೀಟಿಯ ಪ್ರಕಾರವೇ ಎರಡು ಸಲ ಕೊಟ್ಟ ಆಹಾರವನ್ನು ಅವಳು ಮುಟ್ಟಿಲ್ಲ.

ಅದೇ ಹುಡುಗನಿಗೆ ಅವಳು ಕಚ್ಚಿದ್ದಾಳೆ. ನಾಲ್ಕು ವರ್ಷದಲ್ಲಿ ಅವಳು ಯಾರಿಗೂ ಕಚ್ಚಿದವಳಲ್ಲ. ಇಲಿ ಪಂಜರ ತೊಳೆದು ಅದೇ ಕೈಯಲ್ಲಿ ಡಬ್ಬ ತೆಗೆದಿದ್ದಾನೆ. ಅವಳಿಗೆ ಅದು ಕೈ ಅನ್ನಿಸಿಲ್ಲ, ಇಲಿ ಅನ್ನಿಸಿದೆ. ವಿಷ ಇಲ್ಲದ ಹಾವು, ನಿಜ. ಆದರೂ ಪಾಪ, ಅವನು ಎಷ್ಟು ಹೆದರಿರಬೇಡ?

ಈಗ ಮುಖ್ಯ ವಿಷಯ. ಆ ಕೋಣೆಯನ್ನು ಎಷ್ಟು ಸರಿ ಮಾಡಲು ಹೋದರೂ ಅದು ಇಬ್ಬರಿಗೂ ಹೊಂದುವುದಿಲ್ಲ. ಬಾಲ್ ಪೈಥಾನ್‌ಗೆ ಡಬ್ಬದ ಒಂದು ಬದಿಯಲ್ಲಿ 31-32 ಡಿಗ್ರಿ ಬಿಸಿ ಬೇಕು. ಜನವರಿಯ ಬೆಂಗಳೂರಿನಲ್ಲಿ ಅದಕ್ಕೆಂದು ನೀವು ಕಿಟಕಿ ಮುಚ್ಚಿ ಇಡೀ ಕೋಣೆಗೇ ಹೀಟರ್ ಹಾಕಿದಿರಿ. ಇಲಿಗಳಿಗೆ 20ರಿಂದ 24 ಡಿಗ್ರಿ ಇದ್ದರೆ ಹಿತ. ಗೋಡೆಯ ಮೀಟರ್ 31 ತೋರಿಸುತ್ತಿತ್ತು. ಇಲಿಗಳು ಹೊಟ್ಟೆ ನೆಲಕ್ಕೆ ಹಚ್ಚಿ ಚಪ್ಪಟೆಯಾಗಿ ಮಲಗಿ ಏದುಸಿರು ಬಿಡುತ್ತಿದ್ದವು. ಬಿಸಿ, ತೇವ ಜಾಸ್ತಿ ಆದಷ್ಟೂ ಉಚ್ಚೆಯಿಂದ ಅಮೋನಿಯಾ ಜಾಸ್ತಿ ಏಳುತ್ತದೆ. ಕಿಟಕಿ ತೆಗೆದರೆ ಹಾವಿಗೆ ಚಳಿ, ಮುಚ್ಚಿದರೆ ಎಲ್ಲರಿಗೂ ಘಾಟು. ಆ ಗಾಳಿ ಹಾವಿನ ಶ್ವಾಸನಾಳವನ್ನು ಕೆಡಿಸುತ್ತದೆ. ಹಾವಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಕೆಮ್ಮಿ ಕಫ ತೆಗೆಯಲು ಆಗುವುದಿಲ್ಲ. ಸೋಂಕು ಒಳಗೇ ಕೂರುತ್ತದೆ. ಮುತ್ತುವಿಗೆ ಈಗ ಆಗಿರುವುದು ಅದೇ.

ಇಲಿಗಳ ಬಗ್ಗೆಯೂ ಹೇಳಲೇಬೇಕು. ಹಾವಿಗೆ ಆಹಾರ ಆಗುವ ಜೀವವಾದರೂ, ಇರುವಷ್ಟು ದಿನ ಅದು ನೆಮ್ಮದಿಯಾಗಿ ಇರಬೇಕು. ತನ್ನನ್ನು ತಿನ್ನುವ ಪ್ರಾಣಿಯ ವಾಸನೆಯಲ್ಲೇ ಹಗಲೂ ರಾತ್ರಿ ಬದುಕುವುದು ಅದಕ್ಕೆ ಹಿಂಸೆ. ಒಂದು ಪಂಜರದಲ್ಲಿ ತಾಯಿ ಇಲಿಯ ಹತ್ತಿರ ಮೂರೇ ಮರಿ ಇದ್ದವು. ಉಳಿದವನ್ನು ಅದೇ ತಿಂದುಬಿಟ್ಟಿತು ಅಂತ ಹುಡುಗ ಹೇಳಿದ. ಹೆದರಿದ ತಾಯಿ ಇಲಿ ಹಾಗೆ ಮಾಡುತ್ತದೆ. ನಾನು ಮನೆಯಲ್ಲಿ ಫ್ರೀಜ್ ಮಾಡಿದ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕೊಡುತ್ತೇನೆ. ಜೀವಂತ ಇಲಿ ಹಾವಿನ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು. ಆ ಹುಡುಗನ ಊಟದ ಡಬ್ಬಿ ಅದೇ ಕೋಣೆಯ ಕಿಟಕಿಯ ಕಟ್ಟೆ ಮೇಲೆ ಇತ್ತು. ಇಲಿ ಉಚ್ಚೆಯಿಂದ ಇಲಿ ಜ್ವರ ಬರಬಹುದು. ಇಲಿ, ಹಾವು ಎರಡರಿಂದಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡುತ್ತದೆ. 2017ರಲ್ಲಿ ಅಮೆರಿಕದ ಇಲಿನಾಯ್, ವಿಸ್ಕಾನ್ಸಿನ್ ಕಡೆ ಸಾಕಿದ ಇಲಿಗಳಿಂದಲೇ ಜನರಿಗೆ ಸೋಲ್ ವೈರಸ್ (ಜ್ವರ ತಂದು ಮೂತ್ರಪಿಂಡ ಕೆಡಿಸಬಲ್ಲ ವೈರಸ್) ಬಂದಿತ್ತು. ಅವನಿಗೆ ಗ್ಲೌಸ್ ಕೊಡಿ, ಕೂತು ಊಟ ಮಾಡಲು ಬೇರೆ ಜಾಗ ಕೊಡಿ.

ನಾನು ಕೇಳುವುದು ಇಷ್ಟು. ಇಲಿಗಳನ್ನು ಈ ವಾರವೇ ಬೇರೆ ಕೋಣೆಗೆ ಸಾಗಿಸಿ, ಮರಿ ಇರುವ ತಾಯಿಯನ್ನು ಮೊದಲು. ಬಾಗಿಲು, ಗಾಳಿ, ಸಾಮಾನು ಎಲ್ಲ ಬೇರೆಯೇ ಇರಲಿ. ಆಗದಿದ್ದರೆ ಇಲಿ ಬೆಳೆಸುವುದನ್ನು ಬಿಟ್ಟು ಫ್ರೀಜ್ ಮಾಡಿದ್ದನ್ನೇ ತರಿಸಿ. ಆ ರ‍್ಯಾಕಿನಲ್ಲಿ ಇನ್ನೂ ಐದು ಹಾವುಗಳಿದ್ದವು. ಅವುಗಳ ಮನೆಯವರಿಗೆ ವಿಷಯ ತಿಳಿಸಿ, ಉಸಿರಾಟ ಪರೀಕ್ಷೆ ಮಾಡಿಸಲು ಹೇಳಿ. ದಿನಕ್ಕೆ 350 ರೂಪಾಯಿಯಂತೆ ನಾನು ಕಟ್ಟಿದ 6,650 ರೂಪಾಯಿ, ಇಲ್ಲಿಯವರೆಗಿನ ಆಸ್ಪತ್ರೆ ಖರ್ಚು 4,800 ರೂಪಾಯಿ ವಾಪಸ್ ಕೊಡಿ. ಬಿಲ್ಲು, ಗಾಯದ ಫೋಟೋ, ಕೋಣೆಯ ಫೋಟೋ ಇದರ ಜೊತೆ ಇಟ್ಟಿದ್ದೇನೆ.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಅದಕ್ಕಿಂತ ಮೊದಲು ನೀವೇ ಫೋನ್ ಮಾಡಿದರೆ ಸಂತೋಷ. ಕೋಣೆ ಹೇಗೆ ಬೇರೆ ಮಾಡಬಹುದು ಅಂತ ಬಂದು ಕೂತು ಮಾತಾಡಲು ನಾನು ತಯಾರಿದ್ದೇನೆ.

ಮುತ್ತುವಿಗೆ ಮೂರು ದಿನಕ್ಕೊಂದರಂತೆ ಏಳು ಇಂಜೆಕ್ಷನ್ ಬರೆದಿದ್ದಾರೆ. ಮೂರು ಆಗಿದೆ. ನಾಳೆ ನಾಲ್ಕನೆಯದು.

ಇಂತಿ,
ನಿಮ್ಮ ಗ್ರಾಹಕಿ