ಸಾಧು ಪಾತ್ರಗಳ ಸಾವು ಬರೀ ಕಣ್ಣೀರಿಗಲ್ಲ

ಸಂಪಾದಕರಿಗೆ,

ನಮಸ್ಕಾರ. ಕಳೆದ ಭಾನುವಾರದ ಪುರವಣಿಯ ವಿಮರ್ಶೆಯಲ್ಲಿ ಒಂದು ಮಾತಿತ್ತು. ಕಾದಂಬರಿಕಾರರು ಸಾಧು ಪಾತ್ರಗಳನ್ನು ಕ್ರೂರವಾಗಿ ಸಾಯಿಸುವುದು ಓದುಗರನ್ನು ಅಳಿಸೋದಕ್ಕೆ, ಅದು ಸುಲಭದ ದಾರಿ ಅಂತ. ಕೆಟ್ಟ ಕಾದಂಬರಿಗಳ ಮಟ್ಟಿಗೆ ಒಪ್ಪಿದೆ. ಅಲ್ಲಿ ಸಾಯುವವರು ಎರಡು ಪುಟ ಮಾತಾಡಿ, ಎಲ್ಲರನ್ನೂ ಕ್ಷಮಿಸಿ, ಆಮೇಲೆ ಕಣ್ಣು ಮುಚ್ಚುತ್ತಾರೆ. ಆದರೆ ವಿಮರ್ಶಕರು ರಷ್ಯದ ದಾಸ್ತೋವಸ್ಕಿಯನ್ನೂ ಇಂಗ್ಲೆಂಡಿನ ಗೋಲ್ಡಿಂಗ್‌ರನ್ನೂ ಅದೇ ಸಾಲಿನಲ್ಲಿ ಕೂರಿಸಿಬಿಟ್ಟಿದ್ದಾರಲ್ಲ, ಅದಕ್ಕೇ ಈ ಪತ್ರ.

1866ರಲ್ಲಿ ಬಂದ ದಾಸ್ತೋವಸ್ಕಿಯ ‘ಕ್ರೈಮ್ ಅಂಡ್ ಪನಿಷ್ಮೆಂಟ್’ನಲ್ಲಿ ಕೊಲೆ ಒಂದಲ್ಲ, ಎರಡು. ಗಿರವಿ ಇಟ್ಟುಕೊಳ್ಳುವ ಮುದುಕಿಯನ್ನು ಕೊಲ್ಲಲು ಕಥಾನಾಯಕ ರಸ್ಕೋಲ್ನಿಕೋವ್ ಎಷ್ಟೊಂದು ತಯಾರಿ ಮಾಡುತ್ತಾನೆ! ಅವಳ ಮನೆಗೆ 730 ಹೆಜ್ಜೆ ಅಂತ ಎಣಿಸಿಟ್ಟಿರುತ್ತಾನೆ. ಕೊಡಲಿ ನೇತುಹಾಕಲು ಕೋಟಿನ ಒಳಗೆ ಕುಣಿಕೆ ಹೊಲಿಯುತ್ತಾನೆ. ಇದೆಲ್ಲ ಪುಟಗಟ್ಟಲೆ ಇದೆ. ಮುದುಕಿಯ ಮಲತಂಗಿ ಲಿಜಾವೆತಾ ಮಾತ್ರ ಅವನ ಲೆಕ್ಕದಲ್ಲೇ ಇಲ್ಲ. ಅಕ್ಕನ ಏಟು ತಿಂದುಕೊಂಡು ಹಗಲೂ ರಾತ್ರಿ ದುಡಿಯುವ ಪಾಪದವಳು. ಆ ಹೊತ್ತಿಗೆ ಅವಳು ಮನೆಯಲ್ಲಿರುವುದಿಲ್ಲ ಎಂದೇ ಅವನು ಬಂದಿದ್ದು. ಆದರೆ ಅವಳು ಕೈಯಲ್ಲೊಂದು ಗಂಟು ಹಿಡಿದು ಒಳಗೆ ಬಂದುಬಿಡುತ್ತಾಳೆ.

ಅವಳು ಕೂಗುವುದಿಲ್ಲ. ಮುಖಕ್ಕೆ ಕೈ ಅಡ್ಡ ಹಿಡಿಯುವುದೂ ಇಲ್ಲ. ಮೂಲೆಗೆ ಸರಿಯುತ್ತಾ, ಖಾಲಿ ಇದ್ದ ಎಡಗೈಯನ್ನು ಮೆಲ್ಲಗೆ ಮುಂದೆ ಚಾಚುತ್ತಾಳೆ, ಬೇಡ, ಆ ಕಡೆ ಹೋಗು ಎನ್ನುವ ಹಾಗೆ. ಒಂದೇ ಏಟು. ಕೆಲವೇ ಸಾಲುಗಳಲ್ಲಿ ಅವಳ ಕಥೆ ಮುಗಿಯುತ್ತದೆ. ನಾವು ಅಳುವುದಿಲ್ಲ, ಅಳಲು ಪುರಸೊತ್ತೇ ಇಲ್ಲ. ಅಷ್ಟರಲ್ಲಿ ಬಾಗಿಲು ಇಷ್ಟು ಹೊತ್ತೂ ತೆರೆದೇ ಇತ್ತು ಎಂದು ಅವನಿಗೆ ಗೊತ್ತಾಗುತ್ತದೆ. ಅವನ ಜೊತೆ ನಮಗೂ ಚಿಲಕದ ಚಿಂತೆ ಶುರು! ಸತ್ತವಳನ್ನು ಬಿಟ್ಟು ಕೊಂದವನ ಜೊತೆ ಓಡಿದ್ದೇವೆ. ಲೇಖಕನಿಗೆ ಬೇಕಿದ್ದದ್ದೂ ಅದೇ ಅಂತ ನನಗನಿಸುತ್ತದೆ.

ಆಮೇಲೆ ರಸ್ಕೋಲ್ನಿಕೋವ್‌ಗೇ ಆಶ್ಚರ್ಯ, ಅವಳನ್ನು ತಾನು ಕೊಂದೇ ಇಲ್ಲವೇನೋ ಎಂಬಂತೆ ಅವಳ ನೆನಪೇ ಬರುತ್ತಿಲ್ಲವಲ್ಲ ಅಂತ. ಮುದುಕಿ ಒಂದು ಹೇನು, ಕೊಂದರೆ ತಪ್ಪೇನು ಎಂದು ಅವನು ಎಷ್ಟು ಬೇಕಾದರೂ ವಾದ ಮಾಡಬಲ್ಲ. ಲಿಜಾವೆತಾ ವಿಷಯಕ್ಕೆ ಅವನ ಹತ್ತಿರ ವಾದವೇ ಇಲ್ಲ. ಬಾಕಿ ತೀರುವುದು ತುಂಬಾ ತಡವಾಗಿ. ಅವನು ನಂಬುವ ಹುಡುಗಿ ಸೋನ್ಯಾಳ ಮುಂದೆ ತಪ್ಪೊಪ್ಪಿಕೊಳ್ಳುವಾಗ ಅವಳ ಮುಖದಲ್ಲಿ ಅವನಿಗೆ ಲಿಜಾವೆತಾ ಕಾಣುತ್ತಾಳೆ. ಸೋನ್ಯಾ ಕೂಡ ಹಾಗೇ ಹಿಂದೆ ಸರಿಯುತ್ತಾಳೆ, ಹಾಗೇ ಎಡಗೈ ಚಾಚುತ್ತಾಳೆ. ಮೊದಲ ಸಲ ಗಡಿಬಿಡಿಯಲ್ಲಿ ದಾಟಿಹೋದ ಆ ಕೈಯನ್ನು ಈಗ ನೋಡಲೇಬೇಕು. ಇದನ್ನು ಸುಲಭದ ದಾರಿ ಅನ್ನೋಕಾಗುತ್ತಾ?

1954ರ ‘ಲಾರ್ಡ್ ಆಫ್ ದಿ ಫ್ಲೈಸ್’ನಲ್ಲಿ ಗೋಲ್ಡಿಂಗ್ ಇನ್ನೊಂದು ಕೆಲಸ ಮಾಡುತ್ತಾರೆ. ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರು ಅಲ್ಲೊಂದು ಮೃಗ ಇದೆ ಎಂದು ಹೆದರಿರುತ್ತಾರೆ. ಸೈಮನ್ ಚಿಕ್ಕ ಮಕ್ಕಳಿಗೆ ಕೈಗೆಟುಕದ ಹಣ್ಣು ಕಿತ್ತು ಕೊಡುವ ಹುಡುಗ. ಬೆಟ್ಟದ ಮೇಲಿರುವುದು ಮೃಗ ಅಲ್ಲ, ಪ್ಯಾರಾಚೂಟಿಗೆ ಸಿಕ್ಕಿಕೊಂಡ ಹೆಣ ಅಂತ ಹೇಳಲು ಕತ್ತಲಲ್ಲಿ ಇಳಿದು ಬರುತ್ತಾನೆ. ಕುಣಿಯುತ್ತಿದ್ದ ಹುಡುಗರು ಅವನನ್ನೇ ಮೃಗ ಎಂದು ಕೈಯಿಂದ, ಹಲ್ಲಿನಿಂದ ಹರಿದು ಕೊಲ್ಲುತ್ತಾರೆ. ಆ ಹೊತ್ತಿನಲ್ಲಿ ನಿರೂಪಣೆ ಕೂಡ ಅವನನ್ನು ‘ಮೃಗ’ ಎಂದೇ ಕರೆಯುತ್ತದೆ. ಹೆಸರು ವಾಪಸ್ ಸಿಗುವುದು ಸತ್ತ ಮೇಲೆ. ಗೋಲ್ಡಿಂಗ್ ಗುಂಪಿನ ಕಣ್ಣನ್ನೇ ನಮಗೂ ಹಾಕಿಬಿಡುತ್ತಾರೆ. ಸೈಮನ್ ಹೆಣವನ್ನು ಸಮುದ್ರ ಕೊಂಡೊಯ್ಯುವ ಭಾಗವನ್ನು ತುಂಬಾ ಜನ ಹೊಗಳುತ್ತಾರೆ. ನನಗೆ ಅಲ್ಲಿ ಬೆಳಕು, ಬೆಡಗು ಸ್ವಲ್ಪ ಜಾಸ್ತಿಯಾಯಿತು. ವಿಮರ್ಶಕರ ದೂರು ಆ ಒಂದು ಜಾಗಕ್ಕೆ ಬೇಕಾದರೆ ಸಲ್ಲಲಿ.

ಆದರೆ ಮರುದಿನ ಏನಾಗುತ್ತದೆ ನೋಡಿ. ಅದು ಕೊಲೆ ಎಂದು, ಆ ಗುಂಪಿನಲ್ಲೇ ಇದ್ದ ರಾಲ್ಫ್ ಒಮ್ಮೆ ಬಾಯಿಬಿಟ್ಟು ಹೇಳುತ್ತಾನೆ. ಅವನ ಗೆಳೆಯ ಪಿಗ್ಗಿ ಅದನ್ನು ಆಕಸ್ಮಿಕ ಅನ್ನುತ್ತಾನೆ. ಕತ್ತಲಿತ್ತು, ಹೆದರಿದ್ದೆವು ಅಂತ ಸಬೂಬು. ಅವಳಿ ಹುಡುಗರು ಬಂದು, ತಾವು ಬೇಗ ಹೊರಟುಬಿಟ್ಟಿದ್ದೆವು ಅನ್ನುತ್ತಾರೆ. ಇವರೆಲ್ಲ ಒಳ್ಳೆಯ ಹುಡುಗರೇ, ನಾವು ಮೆಚ್ಚಿಕೊಂಡವರೇ. ಗೋಲ್ಡಿಂಗ್ ಬರೀ ಅಳಿಸೋಕೆ ಬರೆದಿದ್ದರೆ ಈ ಮಾತುಕತೆಯ ಅಗತ್ಯವೇ ಇರಲಿಲ್ಲ. ವಿಮರ್ಶಕರು ಇದರ ಬಗ್ಗೆ ಒಂದು ಸಾಲಾದರೂ ಬರೆಯಬಹುದಿತ್ತು.

ಇಂತಿ,
ನಿಮ್ಮ ಪುರವಣಿಯ ಓದುಗ