ದೂರು: 1908ರ 25 ಫೆನ್ನಿಗ್ ಪ್ಯಾಟರ್ನ್ ನಾಣ್ಯದ ಹಣ ವಾಪಸ್ ಕೊಡುವ ಬಗ್ಗೆ

ವ್ಯವಸ್ಥಾಪಕರಿಗೆ,

ನಮಸ್ಕಾರ. ಐದು ಸಲ ಫೋನ್ ಮಾಡಿದೆ. ಐದು ಸಲವೂ "ಸಾಹೇಬರು ಹರಾಜಿನಲ್ಲಿದ್ದಾರೆ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಿಂದ ಕೊಂಡಿದ್ದು ಜರ್ಮನ್ ಸಾಮ್ರಾಜ್ಯದ 25 ಫೆನ್ನಿಗ್ (ಅಲ್ಲಿನ ಚಿಲ್ಲರೆ ಹಣ) ಪ್ಯಾಟರ್ನ್, ಅಂದರೆ ಮಾದರಿ ನಾಣ್ಯ. 1908ನೇ ಇಸವಿ, ಬರ್ಲಿನ್ ಟಂಕಸಾಲೆಯ 'ಎ' ಗುರುತು. ಬಿಲ್ಲಿನಲ್ಲಿ "ಅಪ್ಪಟ ನಿಕ್ಕಲ್, 4 ಗ್ರಾಂ, ಅಸಲಿ" ಎಂದು ನೀವೇ ಬರೆದಿದ್ದೀರಿ. 62,000 ರೂಪಾಯಿ ಕೊಟ್ಟೆ. 25 ಫೆನ್ನಿಗ್ ಚಲಾವಣೆಗೆ ಬಂದಿದ್ದು 1909ರಲ್ಲಿ. ಅದಕ್ಕೂ ಮುಂಚೆ ವಿನ್ಯಾಸ ಆರಿಸಲು ಹೊಡೆದ ಮಾದರಿ ನನ್ನ ಕೈಗೆ ಬಂತಲ್ಲ ಎಂಬ ಖುಷಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮೂರನೇ ದಿನ ತೂಗಿದೆ. 4.6 ಗ್ರಾಂ. ಅಯಸ್ಕಾಂತ ಹಿಡಿದೆ. ಅಂಟಲೇ ಇಲ್ಲ. ಅಪ್ಪಟ ನಿಕ್ಕಲ್ ಅಂಟಲೇಬೇಕು ಅಲ್ವಾ?

11ನೇ ದಿನ ಅಂಗಡಿಗೆ ಬಂದೆ. ಕೌಂಟರಿನಲ್ಲಿದ್ದವರು ಟ್ರೇಯಿಂದ ಒಂದು 10 ಫೆನ್ನಿಗ್ ತೆಗೆದು ಅಯಸ್ಕಾಂತಕ್ಕೆ ಹಿಡಿದರು. "ನೋಡಿ ಸಾರ್, ಜರ್ಮನ್ ಕಾಯಿನ್ ಯಾವ್ದೂ ಅಂಟಲ್ಲ." ಅದರಲ್ಲಿ ಮುಕ್ಕಾಲು ಪಾಲು ತಾಮ್ರ, ಅದು ಅಂಟುವುದಿಲ್ಲ ಎಂದೆ. ಜೇಬಿನಲ್ಲಿದ್ದ ನನ್ನ 1910ರ 25 ಫೆನ್ನಿಗ್ ತೆಗೆದು ತೋರಿಸಿದೆ. ಟಕ್ಕನೆ ಅಂಟಿತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. "ಅದು ನಿಮ್ ಕಾಯಿನ್ ಸಾರ್, ನಮ್ದಲ್ಲ" ಎಂದರು. ಆಮೇಲೆ ನಾಲ್ಕು ಜನ ಗಿರಾಕಿಗಳ ಮುಂದೆಯೇ, "ಇಷ್ಟೊಂದು ಅನುಮಾನ ಇದ್ರೆ ಸುಮ್ನೆ ಸ್ಟಾಂಪ್ ಕೂಡಿಸಿ" ಎಂದು ಹೇಳಿ, ನಾನು ವಾಪಸ್ ತಂದಿದ್ದ ನಾಣ್ಯದ ಮುಖದ ಮೇಲೆ ಹೆಬ್ಬೆರಳು ಒತ್ತಿ, ಗಾಜಿನ ಮೇಲೆ ಉಜ್ಜುತ್ತಾ ನನ್ನ ಕಡೆ ತಳ್ಳಿದರು. ಗಿರಾಕಿಗಳು ನಕ್ಕರು. 19 ವರ್ಷದಿಂದ ನಾಣ್ಯ ಕೂಡಿಸುತ್ತಿದ್ದೇನೆ. ಬೆರಳಿನ ಗುರುತು ಬೀಳುತ್ತದೆಂದು ನಾಣ್ಯದ ಅಂಚು ಬಿಟ್ಟು ಬೇರೆಲ್ಲೂ ಮುಟ್ಟಿದವನಲ್ಲ. ನಾಣ್ಯ ಮಾರುವವರಿಗೆ ಅದನ್ನು ಹಿಡಿಯುವುದೂ ಬರುವುದಿಲ್ಲವೇ?

ಗಡುವಿನೊಳಗೆ ನಾಣ್ಯ ತಂದರೆ ಹಣ ವಾಪಸ್ ಕೊಡುವ ನಿಮ್ಮ 7ನೇ ನಿಯಮ ನಿಮಗೆ ಗೊತ್ತೇ ಇದೆ. ನಾನು ಬಂದಿದ್ದು ಗಡುವಿನ ಒಳಗೇ. ರಸೀದಿ, ತೂಕದ ಫೋಟೋ ಎರಡೂ ಇದರ ಜೊತೆಗಿವೆ.

15 ದಿನದೊಳಗೆ ಪೂರ್ತಿ ಹಣ ಬರಬೇಕು. ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಮುಂದಿನ ನಾಣ್ಯ ಪ್ರದರ್ಶನಕ್ಕೂ ಬರುತ್ತೇನೆ. ನಿಮ್ಮ ಮಳಿಗೆಯ ಎದುರಿಗೇ ನಿಂತು, ಒಂದು ಕೈಯಲ್ಲಿ ನಿಮ್ಮ ಬಿಲ್ಲು, ಇನ್ನೊಂದು ಕೈಯಲ್ಲಿ ಅಯಸ್ಕಾಂತ ಹಿಡಿದು, ಬಂದವರಿಗೆಲ್ಲ ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ