ಹಿಡಿದ ಹಾವು ಮನೆಯಲ್ಲಿ ಉಳಿಯಬಾರದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹಿತ್ತಲಿನಲ್ಲೋ ಬಚ್ಚಲಿನಲ್ಲೋ ಹಿಡಿದ ನಾಗರಹಾವನ್ನು ಕಾಡಿಗೆ ಬಿಡದೆ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು, ಬಂದವರೆದುರು ಅದನ್ನು ಹೊರತೆಗೆದು ಹೆಡೆಗೆ ಮುತ್ತಿಡುವುದು, ಆ ದೃಶ್ಯವನ್ನು ಮೊಬೈಲಿನಲ್ಲಿ ಸೆರೆಹಿಡಿದು ಜಾಲತಾಣಕ್ಕೆ ಹಾಕುವುದು ಈಚೆಗೆ ನಮ್ಮ ಮಲೆನಾಡಿನಲ್ಲಷ್ಟೇ ಅಲ್ಲದೆ ಬಯಲುಸೀಮೆಯ ಊರುಗಳಲ್ಲೂ ಕಾಣುತ್ತಿದೆ. ಹೀಗೆ ಮಾಡುವವರು ತಾವು ಹಾವು ಸಾಕಿದ್ದೇವೆ ಎಂದು ಹೇಳಿಕೊಳ್ಳುವುದಿಲ್ಲ. ರಕ್ಷಿಸಿದ್ದೇವೆ, ನಾಲ್ಕು ದಿನ ಬಿಟ್ಟು ಕಾಡಿಗೆ ಬಿಡುತ್ತೇವೆ ಎನ್ನುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಕಾಲ ವೈದ್ಯನಾಗಿದ್ದು ಹಾವು ಕಡಿತಕ್ಕೆ ಚಿಕಿತ್ಸೆ ನೀಡಿದವನಾಗಿ, ಆ ‘ನಾಲ್ಕು ದಿನ’ದ ಅಪಾಯವನ್ನೂ ಕಾನೂನು ಅದರ ಬಗ್ಗೆ ಏನು ಹೇಳುತ್ತದೆ ಎಂಬುದನ್ನೂ ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಲು ಬಯಸುತ್ತೇನೆ.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ಕಾಡುಪ್ರಾಣಿಯನ್ನು ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದೂ ಬೇಟೆಯೇ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅನುಸೂಚಿಗಳ ಪ್ರಕಾರ ನಾಗರಹಾವು, ಕಾಳಿಂಗ ಸರ್ಪ ಮತ್ತು ಕೊಳಕುಮಂಡಲ ಮೊದಲನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿ ಮತ್ತು ಆನೆಗೆ ಇರುವಷ್ಟೇ ರಕ್ಷಣೆ ಇವಕ್ಕೂ ಇದೆ. ಈ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷಗಳ ಜೈಲು ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನು ಕಾಯ್ದೆ ವಿಧಿಸುತ್ತದೆ. ನಾಗರಹಾವನ್ನು ಮನೆಯಲ್ಲಿ ಸಾಕಲು ಖಾಸಗಿ ವ್ಯಕ್ತಿಗೆ ಪರವಾನಗಿ ಸಿಗುತ್ತದೆಯೇ ಎಂದು ಕೇಳುವ ಯುವಕರಿದ್ದಾರೆ. ಇಲ್ಲ, ಸಿಗುವುದಿಲ್ಲ. ಶಿಕ್ಷಣ, ವೈಜ್ಞಾನಿಕ ಸಂಶೋಧನೆ, ಜೀವರಕ್ಷಕ ಔಷಧಿಗಾಗಿ ವಿಷ ಸಂಗ್ರಹ ಮುಂತಾದ ಕೆಲವೇ ಉದ್ದೇಶಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು. ಮನೆಯ ಶೋಕಿ ಆ ಪಟ್ಟಿಯಲ್ಲಿಲ್ಲ.

ರಕ್ಷಣೆಯ ಹೆಸರು ಹೇಳುವವರು ತಿಳಿದಿರಬೇಕಾದದ್ದು ಇದೇ ಕಾಯ್ದೆಯ 39ನೇ ಸೆಕ್ಷನ್. ಅದರಂತೆ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅಂಥ ಪ್ರಾಣಿ ಯಾವುದೇ ರೀತಿಯಲ್ಲಿ ಒಬ್ಬರ ಕೈಸೇರಿದರೆ ಅವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಇಲ್ಲವೇ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು, ಕೇಳಿದರೆ ಒಪ್ಪಿಸಬೇಕು. ಲಿಖಿತ ಅನುಮತಿಯಿಲ್ಲದೆ ಅದನ್ನು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ. ಮಂಗಳವಾರ ಹಿಡಿದ ಹಾವು ಮುಂದಿನ ಭಾನುವಾರ ಶಾಲಾ ಮಕ್ಕಳ ಕಾರ್ಯಕ್ರಮದಲ್ಲಿ ಪ್ರದರ್ಶನಕ್ಕೆ ಬಂದರೆ, ಹಿಡಿದವರ ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ, ಅದು ಅಕ್ರಮವಾಗಿ ಇಟ್ಟುಕೊಂಡ ಹಾವೇ. ಇಂಥ ಕಾರ್ಯಕ್ರಮಗಳಿಗೆ ವೇದಿಕೆ ಒದಗಿಸುವ ಶಾಲೆಗಳೂ ಸಂಘಗಳೂ ಇದನ್ನು ಯೋಚಿಸಿಲ್ಲವೆಂದೇ ನನ್ನ ಭಾವನೆ.

ಹಾವು ಹಿಡಿಯುವುದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದವರು ತಮಿಳುನಾಡಿನ ಇರುಳ ಸಮುದಾಯದವರು. ಚೆನ್ನೈ ಸಮೀಪದ ವಡನೆಮ್ಮೇಲಿಯಲ್ಲಿ 1978ರಲ್ಲಿ ಸ್ಥಾಪನೆಯಾದ ಅವರ ಸಹಕಾರ ಸಂಘ ಇಂದಿಗೂ ದೇಶದ ಪ್ರತಿವಿಷ ತಯಾರಿಕೆಗೆ ಬೇಕಾದ ವಿಷದ ಬಹುಪಾಲನ್ನು ಒದಗಿಸುತ್ತಿದೆ. ಅವರಿಗೂ ಎಷ್ಟು ಹಾವು ಹಿಡಿಯಬೇಕೆಂಬುದಕ್ಕೆ ಸರ್ಕಾರದ ಅನುಮತಿ ಬೇಕು. ಮಣ್ಣಿನ ಮಡಕೆಗಳಲ್ಲಿ ಕೆಲವು ವಾರ ಇಟ್ಟು, ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ತಲೆತಲಾಂತರದ ವಿದ್ಯೆಯಿರುವವರು, ಜೀವ ಉಳಿಸುವ ಔಷಧಿಗಾಗಿ ಕೆಲಸ ಮಾಡುವವರೇ ಇಷ್ಟು ಕಟ್ಟುಪಾಡಿಗೆ ಒಳಪಟ್ಟಿರುವಾಗ, ಅಂತರ್ಜಾಲದಲ್ಲಿ ನೋಡಿ ಕಲಿತವರಿಗೆ ಯಾವ ಕಟ್ಟುಪಾಡೂ ಇಲ್ಲದಿರುವುದು ನ್ಯಾಯವಲ್ಲ.

ಹಿಡಿದ ಹಾವು ಲೆಕ್ಕವಿಲ್ಲದೆ ಖಾಸಗಿಯವರ ಕೈಯಲ್ಲಿ ಉಳಿದರೆ ಏನಾಗಬಹುದು ಎಂಬುದಕ್ಕೆ ನೆರೆಯ ಕೇರಳದ ಕೊಲ್ಲಂ ಜಿಲ್ಲೆಯ ಪ್ರಕರಣವನ್ನು ಮರೆಯಬಾರದು. 2020ರಲ್ಲಿ ವ್ಯಕ್ತಿಯೊಬ್ಬ ಹಾವು ಹಿಡಿಯುವವನಿಂದ ಹಣ ಕೊಟ್ಟು ಮೊದಲು ಮಂಡಲದ ಹಾವನ್ನೂ ಬಳಿಕ ನಾಗರಹಾವನ್ನೂ ಪಡೆದು, ಮಲಗಿದ್ದ ತನ್ನ ಹೆಂಡತಿಗೆ ಕಚ್ಚಿಸಿ ಕೊಂದ. ಮೊದಲ ಕಡಿತದಿಂದ ಬದುಕುಳಿದು, ಚಿಕಿತ್ಸೆ ಮುಗಿಸಿ ತವರಿನಲ್ಲಿ ಚೇತರಿಸಿಕೊಳ್ಳುತ್ತಿದ್ದ ಆ ಹೆಣ್ಣುಮಗಳು ಎರಡನೆಯದಕ್ಕೆ ಬಲಿಯಾದಳು. 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಆತನಿಗೆ ಎರಡು ಜೀವಾವಧಿ ಶಿಕ್ಷೆ ವಿಧಿಸಿತು. ಹಾವು ಮಾರಿದವನು ಮುಂದೆ ಮಾಫಿ ಸಾಕ್ಷಿಯಾದ. ಹಿಡಿದ ಹಾವಿಗೆ ಒಂದು ದಾಖಲೆ, ಬಿಟ್ಟದ್ದಕ್ಕೆ ಒಂದು ದಾಖಲೆ ಇದ್ದಿದ್ದರೆ ಆ ವ್ಯಾಪಾರ ಅಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

ಇನ್ನು ಆಸ್ಪತ್ರೆಯ ಒಳಗಿನ ಸಂಗತಿ. ಹಾವು ಕಡಿದವರು ಬಂದೊಡನೆ ನಾವು ಮಾಡುವ ಪರೀಕ್ಷೆ ಬಹಳ ಸರಳವಾದದ್ದು. ಎರಡು ಮಿಲಿಲೀಟರ್ ರಕ್ತವನ್ನು ಶುಚಿಯಾದ, ಒಣಗಿದ ಗಾಜಿನ ಪ್ರನಾಳದಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತೇವೆ. ಆಮೇಲೆ ಮೆಲ್ಲಗೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿರದೆ ನೀರಿನಂತೆ ಹರಿದರೆ, ಕೊಳಕುಮಂಡಲದಂಥ ಹಾವಿನ ವಿಷ ಮೈಗೆ ಏರಿದೆ ಎಂದರ್ಥ. ಅಷ್ಟರಲ್ಲಿ ಒಸಡಿನಿಂದ ರಕ್ತ ಜಿನುಗುತ್ತಿರುತ್ತದೆ, ಮೂತ್ರ ಕೆಂಪಾಗಿರುತ್ತದೆ, ಕೆಲವರಿಗೆ ಮುಂದೆ ಡಯಾಲಿಸಿಸ್ ಬೇಕಾಗುತ್ತದೆ. ನಾಗರಹಾವು ಕಡಿದವರ ರೆಪ್ಪೆಗಳು ತಾವಾಗಿ ಇಳಿಬೀಳುತ್ತವೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟವೇ ನಿಲ್ಲುವ ಸ್ಥಿತಿ ಬರುತ್ತದೆ. ಬದುಕಿದರೂ ಕಡಿದ ಜಾಗದ ಮಾಂಸ ಕೊಳೆತು ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ. ಕಟ್ಟುಹಾವಿನ ಕಡಿತವಂತೂ ಇನ್ನೂ ಮೋಸದ್ದು, ಏಕೆಂದರೆ ಗಾಯದ ಗುರುತೇ ಕಾಣದಿರಬಹುದು. ರಾತ್ರಿ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ, ಹೊತ್ತೇರುವುದರೊಳಗೆ ವೆಂಟಿಲೇಟರ್ ಬೇಕಾಗುತ್ತದೆ. ಹಾವನ್ನು ಡಬ್ಬಿಯಲ್ಲಿಟ್ಟ ಮನೆಯಲ್ಲಿ ರಾತ್ರಿ ಮುಚ್ಚಳ ಸಡಿಲವಾದರೆ ಮಲಗಿದ ಮಕ್ಕಳಿಗೆ ಏನಾಯಿತೆಂದು ಯಾರಿಗೂ ತಿಳಿಯದೇ ಹೋಗಬಹುದು.

ಚಿಕಿತ್ಸೆ ಇದೆಯಲ್ಲ ಎಂಬ ಧೈರ್ಯ ಅರ್ಧ ಸತ್ಯ ಮಾತ್ರ. ನಮ್ಮಲ್ಲಿ ಸಿಗುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಕುದುರೆಗೆ ಚುಚ್ಚಿ, ಅದರ ರಕ್ತದಿಂದ ತಯಾರಿಸುತ್ತಾರೆ. ಕಾಳಿಂಗ ಸರ್ಪದ ವಿಷ ಅದರಲ್ಲಿಲ್ಲ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿ, ನಮ್ಮ ಕನ್ನಡದ ಹೆಸರನ್ನೇ ಅದಕ್ಕೆ ಇಟ್ಟದ್ದು 2024ರಲ್ಲಿ. ಆಗುಂಬೆಯ ಆ ಹೆಮ್ಮೆಯ ಹಾವಿನ ಬಾಲ ಹಿಡಿದು ವಿಡಿಯೊ ಮಾಡುವವರು, ಅದು ಕಡಿದರೆ ಜಿಲ್ಲಾ ಆಸ್ಪತ್ರೆಯಲ್ಲೂ ಅದಕ್ಕೆ ತಕ್ಕ ಮದ್ದಿಲ್ಲ ಎಂಬುದನ್ನು ಅರಿಯಬೇಕು. ಕುದುರೆಯ ರಕ್ತದಿಂದ ಬಂದ ಔಷಧಿಯಾದ್ದರಿಂದ ಪ್ರತಿವಿಷಕ್ಕೇ ಮೈ ತಿರುಗಿಬಿದ್ದು ರಕ್ತದೊತ್ತಡ ಕುಸಿಯುವುದುಂಟು. ಹಾಗಾದಾಗ ಕೊಡುವ ಅಡ್ರಿನಲಿನ್ ಮದ್ದಿನ ಸಿರಿಂಜನ್ನು ಪಕ್ಕದಲ್ಲೇ ಸಿದ್ಧವಿಟ್ಟುಕೊಂಡು ನಾವು ಡ್ರಿಪ್ ಶುರು ಮಾಡುತ್ತೇವೆ. ಹಿಂದೆ ಕಡಿಸಿಕೊಂಡು ಪ್ರತಿವಿಷ ಪಡೆದವರಲ್ಲಿ ಈ ಅಪಾಯ ಹೆಚ್ಚು. ‘ನನಗೆ ಐದಾರು ಸಲ ಕಡಿದಿದೆ, ಮೈ ಒಗ್ಗಿಹೋಗಿದೆ’ ಎಂದು ಹೆಮ್ಮೆಪಡುವ ಹಾವು ಹಿಡಿಯುವವರು ಈ ಮಾತನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಲಿ.

ಹಾವಿಗೆ ತಮ್ಮ ಪರಿಚಯವಿದೆ ಎಂಬ ನಂಬಿಕೆಯೂ ಅಷ್ಟೇ. ದಿನವೂ ಇಲಿ ಹಾಕುವ ಕೈಯನ್ನು ನಾಯಿ ಗುರುತಿಸಿದಂತೆ ಹಾವು ಗುರುತಿಸಿ ಪ್ರೀತಿಸುವುದಿಲ್ಲ. ಹಲ್ಲು ಕಿತ್ತರೆ ಸಾಕೆನ್ನುವವರಿಗೆ, ಕಿತ್ತ ಹಲ್ಲಿನ ಜಾಗಕ್ಕೆ ಮತ್ತೊಂದು ಬರುತ್ತದೆ, ವಿಷದ ಗ್ರಂಥಿ ಕಣ್ಣಿನ ಹಿಂದೆ ಹಾಗೆಯೇ ಇರುತ್ತದೆ ಎಂಬುದು ತಿಳಿದಿರುವುದಿಲ್ಲ. ಬಾಯಿ ಹುಣ್ಣಾಗಿ ಹಾವು ಹಸಿವಿನಿಂದ ಸಾಯುವುದು ಮಾತ್ರ ಖಚಿತ. 2022ರ ಮಾರ್ಚ್‌ನಲ್ಲಿ ಶಿರಸಿಯ ಯುವಕನೊಬ್ಬ ಮೂರು ನಾಗರಹಾವುಗಳ ಮುಂದೆ ಕುಳಿತು ಕೈಯಾಡಿಸುತ್ತಿದ್ದಾಗ ಒಂದು ಮೊಣಕಾಲಿಗೆ ಕಚ್ಚಿದ ವಿಡಿಯೊವನ್ನು ದೇಶವೇ ನೋಡಿತು. ಆತನನ್ನು ಉಳಿಸಲು ನಲವತ್ತಕ್ಕೂ ಹೆಚ್ಚು ವಯಲ್ (ಮದ್ದಿನ ಸಣ್ಣ ಸೀಸೆ) ಪ್ರತಿವಿಷ ಬೇಕಾಯಿತು. 2023ರಲ್ಲಿ ಚಿಕ್ಕಮಗಳೂರಿನ ಅನುಭವಿ ಉರಗ ರಕ್ಷಕರೊಬ್ಬರು ತಾವೇ ಹಿಡಿದಿದ್ದ ನಾಗರಹಾವಿನ ಕಡಿತದಿಂದ ತೀರಿಕೊಂಡರು.

ಆ ನಲವತ್ತು ವಯಲ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಯುವಕ ಉಳಿದದ್ದು ಸಂತೋಷ. ವೈದ್ಯನಾದವನು ರೋಗಿಯ ತಪ್ಪು ನೋಡಿ ಮದ್ದು ಕೊಡುವುದಿಲ್ಲ. ಆದರೆ ಸಣ್ಣ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಒಟ್ಟು ಇರುವುದೇ ಅಷ್ಟು ವಯಲ್ ಆಗಿರಬಹುದು. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು ಅಂದಾಜಿಸಲಾಗಿದೆ. ಅವರಲ್ಲಿ ಬಹುಪಾಲು ಹಳ್ಳಿಯವರು. ಗದ್ದೆಗೆ ನೀರು ಕಟ್ಟಲು ಹೋದವರು, ಹುಲ್ಲು ಕೊಯ್ಯಲು ಹೋದವರು, ನೆಲದ ಮೇಲೆ ಮಲಗಿದವರು. ಅವರಾರೂ ಹಾವನ್ನು ಹುಡುಕಿಕೊಂಡು ಹೋದವರಲ್ಲ. ಶೋಕಿಯ ಕಡಿತಕ್ಕೆ ಒಂದೇ ರಾತ್ರಿ ಖಾಲಿಯಾದ ದಾಸ್ತಾನು ಮರುದಿನ ಬೆಳಿಗ್ಗೆ ಬರುವ ಕೂಲಿ ಹೆಣ್ಣುಮಗಳಿಗೆ ಇಲ್ಲವಾದರೆ ಅದಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ.

ವಿದೇಶಿ ಹಾವುಗಳ ಹುಚ್ಚು ಇದಕ್ಕೆ ಹೊಸ ಸೇರ್ಪಡೆ. 2025ರ ಜೂನ್ ಆರಂಭದಲ್ಲಿ ಥಾಯ್ಲೆಂಡಿನಿಂದ ಮುಂಬೈಗೆ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಹತ್ತಾರು ವಿಷದ ಮಂಡಲ ಹಾವುಗಳು ಸಿಕ್ಕವು. ಅವುಗಳ ವಿಷಕ್ಕೆಂದು ತಯಾರಾದ ಪ್ರತಿವಿಷ ನಮ್ಮ ದೇಶದಲ್ಲಿಲ್ಲ. ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಆದರೆ ಕಳ್ಳದಾರಿಯಲ್ಲಿ ತಂದವರು ನೋಂದಣಿಗೆ ಬರುವುದಿಲ್ಲ. ಇಂಥ ಹಾವು ಪಕ್ಕದ ಫ್ಲ್ಯಾಟಿನಲ್ಲಿದೆ ಎಂದು ತಿಳಿದ ನೆರೆಯವರು ಸಂಕೋಚಪಡದೆ ತಿಳಿಸಬೇಕು.

ಇಷ್ಟು ಬರೆದದ್ದರಿಂದ ನಾನು ಹಾವು ಹಿಡಿಯುವವರ ವಿರೋಧಿ ಎಂದು ಯಾರೂ ಭಾವಿಸಬಾರದು. ಮಧ್ಯರಾತ್ರಿ ಕರೆ ಬಂದರೂ ಸ್ವಂತ ಪೆಟ್ರೋಲ್ ಸುಟ್ಟು ಹೋಗಿ, ಕೊಕ್ಕೆ ಮತ್ತು ಚೀಲ ಬಳಸಿ ಹಾವು ಹಿಡಿದು, ಬೆಳಗಾಗುವುದರೊಳಗೆ ಹತ್ತಿರದ ಸೂಕ್ತ ಜಾಗದಲ್ಲಿ ಬಿಟ್ಟು ಬರುವವರಿಂದಲೇ ಎಷ್ಟೋ ಹಾವುಗಳೂ ಮನುಷ್ಯರೂ ಉಳಿದಿದ್ದಾರೆ. ಅವರ ಹೆಸರು ಕೆಡುತ್ತಿರುವುದು ಹಾವನ್ನು ಮನೆಗೆ ಒಯ್ಯುವವರಿಂದ. ಕೇರಳದ ಅರಣ್ಯ ಇಲಾಖೆ 2020ರಲ್ಲೇ ಮಾರ್ಗಸೂಚಿ ರೂಪಿಸಿ, ಹಾವು ಹಿಡಿಯುವವರಿಗೆ ತರಬೇತಿ ಮತ್ತು ಪ್ರಮಾಣಪತ್ರ ನೀಡಲು ತೊಡಗಿತು. ‘ಸರ್ಪ’ ಎಂಬ ಮೊಬೈಲ್ ಆ್ಯಪ್ ಮೂಲಕ ಜನರು ಅಂಥವರನ್ನೇ ಕರೆಸಿಕೊಳ್ಳಬಹುದು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು 2024ರ ಫೆಬ್ರುವರಿಯಲ್ಲಿ ದೇಶದಲ್ಲೇ ಮೊದಲು ಘೋಷಿಸಿದ ನಮ್ಮ ರಾಜ್ಯಕ್ಕೆ ಇದು ಕಷ್ಟದ ಕೆಲಸವಲ್ಲ.

ಆದ್ದರಿಂದ ಅರಣ್ಯ ಇಲಾಖೆ ಪ್ರತಿ ತಾಲ್ಲೂಕಿನಲ್ಲೂ ತರಬೇತಿ ಪಡೆದ, ಗುರುತಿನ ಚೀಟಿಯುಳ್ಳ ಉರಗ ರಕ್ಷಕರ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಕಚೇರಿ ಮತ್ತು ಆಸ್ಪತ್ರೆಗಳಲ್ಲಿ ಪ್ರಕಟಿಸಲಿ, ಪ್ರತಿ ಹಾವನ್ನು ಹಿಡಿದ ಮತ್ತು ಬಿಟ್ಟ ಸ್ಥಳ, ಸಮಯವನ್ನು ದಾಖಲಿಸುವುದು ಕಡ್ಡಾಯವಾಗಲಿ. 48 ಗಂಟೆಯ ನಿಯಮವನ್ನು ಮೀರಿದವರ ಮೇಲೆ, ಅವರು ಎಷ್ಟೇ ಜನಪ್ರಿಯರಾಗಿದ್ದರೂ, ಪ್ರಕರಣ ದಾಖಲಾಗಲಿ. ಅವರೇ ಹಾಕಿದ ವಿಡಿಯೊಗಳು ಅದಕ್ಕೆ ಸಾಕ್ಷಿಯಾಗುತ್ತವೆ. ಆಸ್ಪತ್ರೆಗಳು ಕಳಿಸುವ ವರದಿಯಲ್ಲಿ, ಕಡಿದದ್ದು ಹೊಲದ ಹಾವೋ ಹಿಡಿದಿಟ್ಟ ಹಾವೋ ಎಂಬುದನ್ನೂ ಬರೆಯುವಂತಾಗಲಿ. ಮನೆಯೊಳಗೆ ಹಾವು ಕಂಡ ಸಾರ್ವಜನಿಕರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಹಿಡಿದವರು ಹಾವನ್ನು ಎಲ್ಲಿ, ಯಾವಾಗ ಬಿಡುತ್ತಾರೆಂದು ಕೇಳಿ ತಿಳಿದುಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ವೈದ್ಯಾಧಿಕಾರಿ, ಸಾಗರ, ಶಿವಮೊಗ್ಗ ಜಿಲ್ಲೆ